ಮಾನ್ಯತೆಯ ವಹಿ: ಅಮೆರಿಕದ ಕಾಲೇಜುಗಳನ್ನು ಕನ್ನಡದಲ್ಲಿ ದಾಖಲಿಸಿದ ನನ್ನ ಅನುಭವ

“ಸರ್, ಇದಕ್ಕ ಬರೇ ಪ್ರಾದೇಶಿಕ ಮಾನ್ಯತಾ ಐತಿ ಅಂತ ಬರದೀರಿ. ರಾಷ್ಟ್ರೀಯ ಮಾನ್ಯತಾ ಇರೂದು ಒಂದೂ ಇಲ್ಲೇನ್ರಿ?” ಎಂದು ಕೇಳಿದ ತಂದೆಯೊಬ್ಬರಿಗೆ ತಕ್ಷಣ ಉತ್ತರ ಕೊಡಲು ನನಗಾಗಲಿಲ್ಲ. ಹುಬ್ಬಳ್ಳಿ-ಧಾರವಾಡದ ಕಡೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿದ್ದ ನಾನು, ಅಮೆರಿಕಕ್ಕೆ ಓದಲು ಹೊರಟ ವಿದ್ಯಾರ್ಥಿಗಳಿಗೆಂದು ತಯಾರಿಸಿ ಸೂಚನಾ ಫಲಕಕ್ಕೆ ಹಚ್ಚಿದ್ದ ಪಟ್ಟಿಯನ್ನು ಅವರು ಓದಿದ್ದರು, ಮತ್ತು ನಾನು ಬರೆದಂತೆಯೇ ಓದಿದ್ದರು. ತಪ್ಪಿದ್ದದ್ದು ನನ್ನ ಅನುವಾದದಲ್ಲಿ.

ನಮ್ಮಲ್ಲಿ ‘ರಾಷ್ಟ್ರೀಯ’ ಎಂದರೆ ಮೇಲಿನದು, ‘ಪ್ರಾದೇಶಿಕ’ ಎಂದರೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು. 1994ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲಿಯೇ ಕೇಂದ್ರ ಕಚೇರಿಯನ್ನು ಹೊಂದಿರುವ, ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆಯಾದ ನ್ಯಾಕ್‌ನ ಪೂರ್ಣ ಹೆಸರು ಆರಂಭವಾಗುವುದೇ ‘ರಾಷ್ಟ್ರೀಯ’ ಎಂಬ ಪದದಿಂದ. ಅಮೆರಿಕದಲ್ಲಿ ಬಹುಕಾಲ ಇದ್ದದ್ದು ಇದಕ್ಕೆ ತೀರ ತದ್ವಿರುದ್ಧವಾದ ಲೆಕ್ಕ. ಅಲ್ಲಿನ ಹಳೆಯ, ಹೆಸರುವಾಸಿಯಾದ ವಿಶ್ವವಿದ್ಯಾಲಯಗಳಿಗೆ ಮಾನ್ಯತೆ ಕೊಡುತ್ತಿದ್ದವು ಪ್ರಾದೇಶಿಕ ಸಂಘಗಳು. ‘ರಾಷ್ಟ್ರೀಯ’ ಎನ್ನಿಸಿಕೊಂಡ ಮಾನ್ಯತಾ ಸಂಸ್ಥೆಗಳ ಬಳಿ ಹೆಚ್ಚಾಗಿ ಇರುತ್ತಿದ್ದದ್ದು ವೃತ್ತಿ ತರಬೇತಿಯ ಶಾಲೆಗಳು, ಲಾಭಕ್ಕಾಗಿ ನಡೆಯುವ ಕಾಲೇಜುಗಳು ಮತ್ತು ಧಾರ್ಮಿಕ ವಿದ್ಯಾಲಯಗಳು. ರಾಷ್ಟ್ರೀಯ ಮಾನ್ಯತೆಯ ಕಾಲೇಜಿನಲ್ಲಿ ಓದಿದ ವಿಷಯಗಳಿಗೆ ಗಳಿಸಿದ ಕ್ರೆಡಿಟ್‌ಗಳನ್ನು ಪ್ರಾದೇಶಿಕ ಮಾನ್ಯತೆಯ ವಿಶ್ವವಿದ್ಯಾಲಯಗಳು ಎಷ್ಟೋ ಸಲ ಒಪ್ಪಿಕೊಳ್ಳುತ್ತಲೇ ಇರಲಿಲ್ಲ. ಆ ದಿನ ನಾನು ಪಟ್ಟಿಯನ್ನು ಕಿತ್ತು, ‘ಪ್ರಾದೇಶಿಕ’ ಎಂಬ ಪದದ ಬದಲು ಮಾನ್ಯತೆ ಕೊಟ್ಟ ಸಂಘದ ಆಯೋಗದ ಹೆಸರನ್ನೇ ಕನ್ನಡ ಲಿಪಿಯಲ್ಲಿ ಬರೆದು ಮತ್ತೆ ಹಚ್ಚಿದೆ. ಅಲ್ಲಿಂದ ಮುಂದೆ ಈ ಕೆಲಸ ಒಂದು ಪಟ್ಟಿಯಾಗಿ ಉಳಿಯದೆ ನನ್ನ ಮೇಜಿನ ಮೇಲಿನ ದಪ್ಪ ವಹಿಯಾಗಿ ಬೆಳೆಯಿತು.

ಪಟ್ಟಿ ಮಾಡಬೇಕೆಂದು ನನಗೆ ಮೊದಲು ತೋಚಿದ್ದಕ್ಕೆ ಕಾರಣ 2011ರ ಟ್ರೈ-ವ್ಯಾಲಿ ಪ್ರಕರಣ. ಕ್ಯಾಲಿಫೋರ್ನಿಯಾದ ಪ್ಲೆಸೆಂಟನ್‌ನಲ್ಲಿದ್ದ ಆ ವಿಶ್ವವಿದ್ಯಾಲಯದ ಮೇಲೆ ಆ ವರ್ಷದ ಜನವರಿಯಲ್ಲಿ ದಾಳಿ ನಡೆದು ಅದು ಮುಚ್ಚಿಹೋದಾಗ ಬೀದಿಗೆ ಬಿದ್ದವರಲ್ಲಿ ಬಹುಪಾಲು ಭಾರತದ ವಿದ್ಯಾರ್ಥಿಗಳೇ ಆಗಿದ್ದರು, ಕೆಲವರ ಕಾಲಿಗೆ ಚಲನವಲನದ ಮೇಲೆ ನಿಗಾ ಇಡುವ ಎಲೆಕ್ಟ್ರಾನಿಕ್ ಸಾಧನವನ್ನೂ ಕಟ್ಟಲಾಗಿತ್ತು. ಆ ಸಂಸ್ಥೆಗೆ ಮಾನ್ಯತೆ ಇರಲಿಲ್ಲ, ಆದರೆ ವಿದೇಶಿ ವಿದ್ಯಾರ್ಥಿಗಳಿಗೆ ವೀಸಾ ಅರ್ಜಿಗೆ ಬೇಕಾದ ಐ-20 ಪತ್ರ ಕೊಡುವ ಅನುಮತಿ ಇತ್ತು. “ಅಮೆರಿಕ ಸರ್ಕಾರವೇ ವೀಸಾ ಕೊಟ್ಟ ಮೇಲೆ ಕಾಲೇಜು ಸುಳ್ಳಾಗುವುದು ಹೇಗೆ?” ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ, ನಾವು ಕನ್ನಡದಲ್ಲಿ ಒಂದೇ ಉಸಿರಿಗೆ ‘ಮಾನ್ಯತೆ’ ಎಂದುಬಿಡುವುದು ಅಲ್ಲಿ ನಾಲ್ಕು ಬೇರೆ ಬೇರೆ ಕಾಗದಗಳೆಂದು ತಿಳಿಯಿತು.

ಕಾಲೇಜು ತೆರೆದು ಪದವಿ ಕೊಡಲು ರಾಜ್ಯ ಸರ್ಕಾರ ಕೊಡುವುದು ಒಂದು ಅನುಮತಿ. ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ವಲಸೆ ವ್ಯವಸ್ಥೆಯಿಂದ ಸಿಗುವುದು ಇನ್ನೊಂದು. ಶಿಕ್ಷಣದ ಗುಣಮಟ್ಟವನ್ನು ನೋಡಿ ಖಾಸಗಿ ಸಂಘವೊಂದು ಕೊಡುವುದು ಮೂರನೆಯದು. ನಿಜವಾದ ಅಕ್ರೆಡಿಟೇಶನ್ ಎಂದರೆ ಇದು. ಆ ಖಾಸಗಿ ಸಂಘದ ಮಾತನ್ನು ನಂಬಬಹುದು ಎಂದು ಕೇಂದ್ರ ಶಿಕ್ಷಣ ಇಲಾಖೆ ಕೊಡುವುದು ನಾಲ್ಕನೆಯದು. ವಹಿಯಲ್ಲಿ ನಾನು ಮೊದಲ ಎರಡಕ್ಕೆ ‘ಅನುಮತಿ’, ಮೂರನೆಯದಕ್ಕೆ ‘ಮಾನ್ಯತೆ’, ನಾಲ್ಕನೆಯದಕ್ಕೆ ‘ಅಂಗೀಕಾರ’ ಎಂಬ ಪದಗಳನ್ನು ನಿಗದಿ ಮಾಡಿಕೊಂಡೆ. ನಮ್ಮ ಕಾಲೇಜುಗಳು ವಿಶ್ವವಿದ್ಯಾಲಯದೊಂದಿಗೆ ಹೊಂದಿರುವ ‘ಸಂಯೋಜನೆ’ಗೆ ಸಮನಾದದ್ದು ಈ ನಾಲ್ಕರಲ್ಲಿ ಯಾವುದೂ ಅಲ್ಲವೆಂದು ಪಾಲಕರಿಗೆ ಪ್ರತಿಸಲವೂ ಬಿಡಿಸಿ ಹೇಳಬೇಕಾಗುತ್ತದೆ.

ಖಾಸಗಿ ಸಂಘಗಳ ಕೈಗೆ ಇಷ್ಟು ದೊಡ್ಡ ಅಧಿಕಾರ ಹೇಗೆ ಬಂತು ಎಂಬುದನ್ನು ತಿಳಿಯದೆ ಅಲ್ಲಿನ ದಾಖಲೆಗಳನ್ನು ಓದಲು ಬರುವುದಿಲ್ಲ. ಪ್ರೌಢಶಾಲೆಯಿಂದ ಕಾಲೇಜಿಗೆ ಬರುವವರ ಓದಿನ ಮಟ್ಟವನ್ನು ಹೊಂದಿಸಲೆಂದು 1885ರಲ್ಲಿ ನ್ಯೂ ಇಂಗ್ಲೆಂಡ್ ಸೀಮೆಯ ಶಾಲಾ-ಕಾಲೇಜುಗಳ ಮುಖ್ಯಸ್ಥರು ಕಟ್ಟಿಕೊಂಡ ಸಂಘ ಮೊದಲನೆಯದು. 1887ರಲ್ಲಿ ಮಿಡಲ್ ಸ್ಟೇಟ್ಸ್, 1895ರಲ್ಲಿ ನಾರ್ತ್ ಸೆಂಟ್ರಲ್ ಮತ್ತು ಸದರ್ನ್, 1917ರಲ್ಲಿ ನಾರ್ತ್‌ವೆಸ್ಟ್, ಬಹಳ ತಡವಾಗಿ 1962ರಲ್ಲಿ ವೆಸ್ಟರ್ನ್ ಸಂಘ ಹುಟ್ಟಿದವು. ಯುದ್ಧದಿಂದ ಮರಳಿದ ಸೈನಿಕರ ಓದಿಗೆ ಹಣ ಕೊಡುವ 1952ರ ಕಾಯಿದೆ, ಮುಂದೆ 1965ರ ಉನ್ನತ ಶಿಕ್ಷಣ ಕಾಯಿದೆ, ಇವೆರಡೂ ಸರ್ಕಾರದ ಹಣ ಯಾವ ಕಾಲೇಜಿಗೆ ಹೋಗಬಹುದು ಎಂಬುದನ್ನು ತೀರ್ಮಾನಿಸಲು ಈ ಸಂಘಗಳ ಮಾತನ್ನೇ ಆಧಾರ ಮಾಡಿಕೊಂಡವು. ಆದ್ದರಿಂದಲೇ ಅಲ್ಲಿ ಯುಜಿಸಿಯಂತಹ ಒಂದು ಮನೆ ಇಲ್ಲ, ಕದ ತಟ್ಟಬೇಕಾದ ಮನೆಗಳು ಹಲವು.

ಮೊದಲ ವರ್ಷ ನಾನು ಮಾಡಿದ ಕೆಲಸ ಸುಲಭದ್ದು, ಮತ್ತು ದಡ್ಡತನದ್ದು. ಕಾಲೇಜಿನ ಜಾಲತಾಣಕ್ಕೆ ಹೋಗಿ, ಅದು ತನ್ನ ಬಗ್ಗೆ ಏನು ಬರೆದುಕೊಂಡಿದೆಯೋ ಅದನ್ನು ಕನ್ನಡಕ್ಕೆ ಇಳಿಸಿಕೊಳ್ಳುತ್ತಿದ್ದೆ. ಪಶ್ಚಿಮದ ರಾಜ್ಯವೊಂದರ ಒಂದು ಸಣ್ಣ ಸಂಸ್ಥೆ ತನಗೆ ಪ್ರಾದೇಶಿಕ ಆಯೋಗದಿಂದ ‘ಎಲಿಜಿಬಿಲಿಟಿ’ ಸಿಕ್ಕಿದೆ ಎಂದು ಬರೆದುಕೊಂಡಿತ್ತು. ನಾನು ‘ಆಯೋಗದಿಂದ ಅರ್ಹತೆ ಪಡೆದ ಸಂಸ್ಥೆ’ ಎಂದು ಬರೆದೆ. ಪದಕ್ಕೆ ಪದ ನೋಡಿದರೆ ತಪ್ಪೇನೂ ಇಲ್ಲ. ಆದರೆ ಕನ್ನಡದಲ್ಲಿ ‘ಅರ್ಹತೆ ಪಡೆದ’ ಎಂದರೆ ಯೋಗ್ಯ ಎಂದು ತೀರ್ಪಾದದ್ದು ಎಂಬ ಅರ್ಥ ಬರುತ್ತದೆ. ಅಲ್ಲಿ ಅದರ ಅರ್ಥ, ಮಾನ್ಯತೆಗಾಗಿ ಅರ್ಜಿ ಹಾಕಿಕೊಳ್ಳಲು ಈ ಸಂಸ್ಥೆಗೆ ಅವಕಾಶವಿದೆ ಎಂಬುದಷ್ಟೇ. ಅದರ ನಂತರ ‘ಅಭ್ಯರ್ಥಿ’ ಎಂಬ ಹಂತ, ಅದೂ ದಾಟಿದ ಮೇಲೆ ಮಾನ್ಯತೆ.

ನನ್ನ ಆ ಒಂದು ಸಾಲನ್ನು ನಂಬಿ ಹೋದ ವಿದ್ಯಾರ್ಥಿ ಅಲ್ಲಿ ಎಂ.ಎಸ್. ಮುಗಿಸಿದ. ಅವನು ಪದವಿ ಪಡೆದ ಕೆಲವು ವರ್ಷಗಳ ನಂತರ ಸಂಸ್ಥೆಗೆ ಪೂರ್ಣ ಮಾನ್ಯತೆಯೂ ಬಂತು. ಅಲ್ಲಿ ನೌಕರಿ ಮಾಡಲು ಬೇಕಾದ ಎಚ್-1ಬಿ ವೀಸಾಕ್ಕೆ ಅರ್ಜಿ ಹಾಕುವ ಹೊತ್ತಿನಲ್ಲಿ, ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗಾಗಿ ಮೀಸಲಿಟ್ಟ 20,000 ವೀಸಾಗಳ ಪಾಲಿಗೆ ಅವನು ಸೇರುವುದಿಲ್ಲವೆಂದು ವಕೀಲರು ಹೇಳಿದರು. ಪದವಿ ಕೊಟ್ಟ ದಿನ ಸಂಸ್ಥೆಯ ಸ್ಥಿತಿ ಏನಿತ್ತು ಎಂಬುದೇ ಲೆಕ್ಕ, ಆಮೇಲೆ ಬಂದ ಮಾನ್ಯತೆ ಹಿಂದಕ್ಕೆ ಅನ್ವಯಿಸುವುದಿಲ್ಲ ಎಂದು 2017ರಲ್ಲಿ ಅಲ್ಲಿನ ವಲಸೆ ಇಲಾಖೆಯ ಮೇಲ್ಮನವಿ ಕಚೇರಿ ಸ್ಪಷ್ಟಪಡಿಸಿತ್ತು. ಹುಡುಗ ನನ್ನನ್ನು ಒಂದು ಮಾತೂ ಆಡಲಿಲ್ಲ. ಫೋನಿನಲ್ಲಿ “ಇರ್ಲಿ ಬಿಡ್ರಿ ಸರ್” ಎಂದ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಆಮೇಲೆ ವಹಿಯನ್ನು ಹೊಸದಾಗಿ ಬರೆಯಲು ಕುಳಿತೆ. ಮಾನ್ಯತೆಯ ಮಾತನ್ನು ಪಡೆದವರ ಮನೆಯಲ್ಲಿ ಕೇಳದೆ ಕೊಟ್ಟವರ ಮನೆಯಲ್ಲಿ ಕೇಳುವುದು ಎಂಬ ಒಂದೇ ಕಟ್ಟಳೆ ಹಾಕಿಕೊಂಡೆ. ಮೊದಲು ನೋಡುವುದು ಅಮೆರಿಕದ ಶಿಕ್ಷಣ ಇಲಾಖೆಯ ಡಾಪಿಪ್ ಎಂಬ ದತ್ತಸಂಚಯ. ಅದರಲ್ಲಿ ಸಂಸ್ಥೆಯ ಹೆಸರು ಹಾಕಿದರೆ ಮಾನ್ಯತೆ ಕೊಟ್ಟವರು ಯಾರು, ಎಂದಿನಿಂದ, ಮುಂದಿನ ಪರಿಶೀಲನೆ ಯಾವಾಗ ಎಂಬ ವಿವರ ಸಿಗುತ್ತದೆ. ಒಂದೇ ಬಗೆಯ ಹೆಸರಿನ ಎರಡು ಮೂರು ಸಂಸ್ಥೆಗಳು ಇರುವುದು ಅಲ್ಲಿ ಸಾಮಾನ್ಯವಾದ್ದರಿಂದ, ಇಲಾಖೆ ಕೊಡುವ ಎಂಟು ಅಂಕಿಯ ಗುರುತು ಸಂಖ್ಯೆಯನ್ನು ಹೆಸರಿನ ಪಕ್ಕದಲ್ಲಿ ತಪ್ಪದೆ ಬರೆಯುತ್ತೇನೆ. ಈ ದತ್ತಸಂಚಯದ ಮಾಹಿತಿ ಮಾನ್ಯತಾ ಸಂಸ್ಥೆಗಳು ಒದಗಿಸಿದ್ದು, ಅದಕ್ಕೆ ತಾನು ಖಾತರಿ ಕೊಡುವುದಿಲ್ಲ ಎಂದು ಇಲಾಖೆಯೇ ಹೇಳಿಕೊಂಡಿದೆ. ಹಾಗಾಗಿ ಅಲ್ಲಿಗೆ ನಿಲ್ಲದೆ ಆಯೋಗದ ಪುಟಕ್ಕೆ ಹೋಗುತ್ತೇನೆ.

ಆಯೋಗಗಳ ಪುಟಗಳನ್ನು ಓದುವುದು ನನಗೆ ಇಂದಿಗೂ ಈ ಕೆಲಸದ ಅತ್ಯಂತ ಸ್ವಾರಸ್ಯದ ಭಾಗ. ಹಿಂದೆ ನಾರ್ತ್ ಸೆಂಟ್ರಲ್ ಸಂಘದ ಭಾಗವಾಗಿದ್ದ, ಷಿಕಾಗೋದಲ್ಲಿರುವ ಹೈಯರ್ ಲರ್ನಿಂಗ್ ಕಮಿಷನ್ ತಾನು ಮಾನ್ಯತೆ ಕೊಟ್ಟ ಪ್ರತಿ ಕಾಲೇಜಿಗೂ ಒಂದು ಸ್ಥಿತಿ-ಹೇಳಿಕೆಯನ್ನು ಪ್ರಕಟಿಸುತ್ತದೆ, ಮತ್ತು ಕಾಲೇಜು ತನ್ನ ಜಾಲತಾಣದಲ್ಲಿ ಹಾಕಿಕೊಳ್ಳುವ ಮಾನ್ಯತಾ ಮುದ್ರೆಯನ್ನು ಒತ್ತಿದರೆ ಅದು ನೇರವಾಗಿ ಆಯೋಗದ ಆ ಪುಟಕ್ಕೇ ಹೋಗುತ್ತದೆ. ಮುದ್ರೆ ಬರೀ ಚಿತ್ರವಾಗಿದ್ದು ಎಲ್ಲಿಗೂ ಹೋಗದಿದ್ದರೆ ನಾನು ಆ ಸಂಸ್ಥೆಯ ಹೆಸರಿನ ಮುಂದೆ ಪೆನ್ಸಿಲ್‌ನಿಂದ ಒಂದು ಚುಕ್ಕೆ ಇಡುತ್ತೇನೆ. ನಾಲ್ಕು ವರ್ಷದ ಪದವಿ ಮತ್ತು ಅದಕ್ಕೂ ಮೇಲಿನದನ್ನು ಕೊಡುವ ಕಾಲೇಜುಗಳನ್ನು ನೋಡಿಕೊಳ್ಳುವ ಕ್ಯಾಲಿಫೋರ್ನಿಯಾದ ಆಯೋಗವು 2012ರಿಂದ ಈಚೆಗೆ ಪರಿಶೀಲನಾ ತಂಡದ ವರದಿಯನ್ನೂ ಆಯೋಗದ ನಿರ್ಧಾರದ ಪತ್ರವನ್ನೂ ಸಾರ್ವಜನಿಕರ ಮುಂದಿಡುತ್ತಿದೆ. ಇಂತಹ ಪತ್ರಗಳನ್ನು ಓದುವಾಗ ಆರಂಭದ ಹೊಗಳಿಕೆಯನ್ನು ದಾಟಿ ‘ಮುಂದಿನ ಭೇಟಿಯೊಳಗೆ ಸಂಸ್ಥೆಯು ಇದನ್ನು ಸರಿಪಡಿಸತಕ್ಕದ್ದು’ ಎಂಬಲ್ಲಿಗೆ ಹೋಗಬೇಕು. ಹಣಕಾಸು, ಅಧ್ಯಾಪಕರ ಕೊರತೆ, ಆಡಳಿತ ಮಂಡಳಿಯ ಜಗಳ, ಎಲ್ಲವೂ ಅಲ್ಲಿ ಸಭ್ಯವಾದ ಮಾತಿನಲ್ಲಿ ಅಡಗಿರುತ್ತವೆ.

ನಮ್ಮ ಪಾಲಕರು ಕೇಳುವ ಎರಡನೆಯ ಪ್ರಶ್ನೆ, “ಗ್ರೇಡ್ ಎಷ್ಟು?” ನ್ಯಾಕ್‌ನ ಎ ಪ್ಲಸ್ ಪ್ಲಸ್‌ಗಳನ್ನು ಕಾಲೇಜಿನ ಗೇಟಿನ ಮೇಲೆ, ಬಸ್ಸಿನ ಹಿಂದೆ ನೋಡಿ ರೂಢಿಯಾದವರಿಗೆ ಗ್ರೇಡೇ ಇಲ್ಲದ ಮಾನ್ಯತೆ ಅರ್ಧಂಬರ್ಧದಂತೆ ಕಾಣುವುದು ಸಹಜ. ಅಮೆರಿಕದ ಈ ಆಯೋಗಗಳು ಅಂಕ ಕೊಡುವುದಿಲ್ಲ, ಅಲ್ಲಿರುವುದು ಸ್ಥಿತಿ. ಮಾನ್ಯತೆ ಇದೆ; ಇದೆ, ಆದರೆ ಎಚ್ಚರಿಕೆ ನೀಡಲಾಗಿದೆ; ಇದೆ, ಆದರೆ ಕೊರತೆ ತಿದ್ದಿಕೊಳ್ಳುವ ಅವಧಿಯಾದ ಪ್ರೊಬೇಶನ್‌ನಲ್ಲಿದೆ; ಇದೆ, ಆದರೆ ಏಕೆ ಹಿಂತೆಗೆಯಬಾರದೆಂದು ಕಾರಣ ಕೇಳುವ ನೋಟಿಸು ಹೋಗಿದೆ; ಇಲ್ಲ. ಸರ್ಕಾರಿ ನೌಕರಿಯಲ್ಲಿದ್ದ ಪಾಲಕರಿಗೆ ಈ ಕೊನೆಯ ನೋಟಿಸಿನ ಅರ್ಥವನ್ನು ನಾನು ವಿವರಿಸಬೇಕಾಗಿ ಬಂದದ್ದೇ ಇಲ್ಲ. ಪ್ರೊಬೇಶನ್‌ನಲ್ಲಿರುವ ಕಾಲೇಜಿಗೂ ಪೂರ್ಣ ಮಾನ್ಯತೆ ಇರುತ್ತದೆ ಎಂಬುದನ್ನು ಮಾತ್ರ ಒತ್ತಿ ಹೇಳುತ್ತೇನೆ. ಪ್ರೊಬೇಶನ್ನಿಗೆ ಹಾಕಿದ್ದನ್ನೂ ಮಾನ್ಯತೆ ಹಿಂತೆಗೆದದ್ದನ್ನೂ ಸಂಸ್ಥೆಗೆ ತಿಳಿಸಿದ ಒಂದು ಕೆಲಸದ ದಿನದೊಳಗೆ ಸಾರ್ವಜನಿಕರಿಗೂ ತಿಳಿಸಬೇಕೆಂದು ಕೇಂದ್ರ ನಿಯಮವಿದೆ. ಮಾನ್ಯತೆ ಹಿಂತೆಗೆದಾಗ ಅದರ ಕಾರಣಗಳ ಸಾರಾಂಶ 60 ದಿನಗಳೊಳಗೆ ಬರಬೇಕು. ಹಾಗಾಗಿ ಪ್ರತಿ ದಾಖಲೆಯ ಕೊನೆಗೆ ‘ನಾನು ನೋಡಿದ ದಿನ’ ಎಂಬ ಕಾಲಂ ಇಟ್ಟೆ. ದಿನಾಂಕವಿಲ್ಲದೆ ‘ಮಾನ್ಯತೆ ಇದೆ’ ಎಂದು ಬರೆಯುವುದನ್ನು ಪೂರ್ತಿ ನಿಲ್ಲಿಸಿದೆ.

ಮಾನ್ಯತೆ ಕೊಟ್ಟವರನ್ನೂ ನೋಡಬೇಕು ಎಂಬುದಕ್ಕೆ ನನ್ನ ವಹಿಯಲ್ಲಿ ಒಂದು ಇಡೀ ಪುಟ ಮೀಸಲಾಗಿದೆ. 1912ರಷ್ಟು ಹಳೆಯದಾದ, ಎಸಿಐಸಿಎಸ್ ಎಂಬ ರಾಷ್ಟ್ರೀಯ ಮಾನ್ಯತಾ ಸಂಸ್ಥೆ 2016ರಲ್ಲಿ ಶಿಕ್ಷಣ ಇಲಾಖೆಯ ಅಂಗೀಕಾರ ಕಳೆದುಕೊಂಡಿತು, 2018ರಲ್ಲಿ ಮರಳಿ ಪಡೆಯಿತು, 2022ರ ಆಗಸ್ಟಿನಲ್ಲಿ ಮತ್ತೆ ಕಳೆದುಕೊಂಡಿತು. ಅದರ ಕೆಳಗಿದ್ದ ಕಾಲೇಜಿನ ಗೋಡೆಯ ಮೇಲಿನ ಪ್ರಮಾಣಪತ್ರದಲ್ಲಿ ಒಂದಕ್ಷರವೂ ಬದಲಾಗದೆ ಅದರ ಬೆಲೆ ಮೂರು ಸಲ ಬದಲಾದಂತಾಯಿತು.

ಇಷ್ಟೆಲ್ಲ ಕಟ್ಟಳೆ ಮಾಡಿಕೊಂಡ ನನ್ನನ್ನು ಅಲ್ಲಾಡಿಸಿದ್ದು 2019ರ ಜನವರಿಯಲ್ಲಿ ಹೊರಬಿದ್ದ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯದ ಸುದ್ದಿ. ಮಿಷಿಗನ್ ರಾಜ್ಯದ ಆ ವಿಶ್ವವಿದ್ಯಾಲಯ, ವೀಸಾ ವಂಚಕರನ್ನು ಹಿಡಿಯಲೆಂದು ಅಮೆರಿಕದ ವಲಸೆ ಜಾರಿ ಅಧಿಕಾರಿಗಳೇ ನಡೆಸುತ್ತಿದ್ದ ನಕಲಿ ಸಂಸ್ಥೆಯಾಗಿತ್ತು. ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ಭಾರತದವರು. ಅಂಗೀಕೃತ ಮಾನ್ಯತಾ ಸಂಸ್ಥೆಯೊಂದು ಸರ್ಕಾರದ ಕೋರಿಕೆಯಂತೆ ಅದರ ಹೆಸರನ್ನು ತನ್ನ ಪಟ್ಟಿಯಲ್ಲಿ ಸೇರಿಸಿತ್ತು. ಅಂದರೆ ಕೊಟ್ಟವರ ಮನೆಯಲ್ಲಿ ಕೇಳಿದ್ದರೂ ‘ಹೌದು’ ಎಂಬ ಉತ್ತರವೇ ಸಿಗುತ್ತಿತ್ತು. ಅಲ್ಲಿ ಪಾಠವೂ ಇರಲಿಲ್ಲ, ಪಾಠ ಮಾಡುವವರೂ ಇರಲಿಲ್ಲ ಎಂಬುದನ್ನು ವಿದ್ಯಾರ್ಥಿಗಳೇ ಗಮನಿಸಬೇಕಿತ್ತು ಎಂದು ಹೇಳುವವರಿದ್ದಾರೆ. ಅದರಲ್ಲಿ ಸ್ವಲ್ಪ ನಿಜವಿದೆ. ಆದರೂ ಸಾರ್ವಜನಿಕರು ನಂಬಲೆಂದೇ ಇಟ್ಟ ಪಟ್ಟಿಯಲ್ಲಿ ಸರ್ಕಾರವೇ ಸುಳ್ಳು ಬರೆಯಿಸಿದ್ದು ನನಗೆ ಇಂದಿಗೂ ಸರಿಕಾಣುವುದಿಲ್ಲ. ಅಂದಿನಿಂದ ಪಟ್ಟಿಯಲ್ಲಿ ಹೆಸರು ಕಂಡರೆ ಸಾಲದು ಎಂದು ಬೋಧಕರ ಹೆಸರುಗಳು, ಹಳೆಯ ವರ್ಷಗಳ ಪಠ್ಯಕ್ರಮ ಮತ್ತು ಆಯೋಗದ ಹಿಂದಿನ ನಿರ್ಧಾರಗಳನ್ನು ಕೂಡ ಹುಡುಕಿ ನೋಡುತ್ತೇನೆ. ನೂರು ವರ್ಷದ ಕಾಲೇಜಿಗೆ ಕಾಗದಪತ್ರಗಳ ಬಾಲ ಉದ್ದವಿರುತ್ತದೆ.

ಶಾಲೆಗಳ ಮಾತು ಬೇರೆ. ಅಮೆರಿಕದಿಂದ ಮರಳಿದ ಪರಿಚಯದ ಕುಟುಂಬವೊಂದರ ಮಗಳನ್ನು ಇಲ್ಲಿ ಸೇರಿಸುವಾಗ, ಆಕೆ ಓದಿದ ಹೈಸ್ಕೂಲಿಗೆ ಮಾನ್ಯತೆ ಇದೆಯೇ ಎಂಬ ಪ್ರಶ್ನೆ ಬಂದು ಅವರು ನನ್ನ ಬಳಿ ಬಂದಿದ್ದರು. ಡಾಪಿಪ್‌ನಲ್ಲಿ ಹುಡುಕಿದರೆ ಸಿಗಲಿಲ್ಲ. ಸಿಗುವುದೂ ಇಲ್ಲ, ಅದು ಪ್ರೌಢಶಿಕ್ಷಣದ ನಂತರದ ಸಂಸ್ಥೆಗಳಿಗೆ ಮಾತ್ರ. ಹಳೆಯ ಪ್ರಾದೇಶಿಕ ಸಂಘಗಳ ಶಾಲಾ ವಿಭಾಗಗಳಲ್ಲಿ ನಾರ್ತ್ ಸೆಂಟ್ರಲ್ ಮತ್ತು ಸದರ್ನ್ 2006ರಲ್ಲಿ ಒಂದಾಗಿ, ಆಮೇಲೆ ನಾರ್ತ್‌ವೆಸ್ಟ್ ಕೂಡ ಸೇರಿಕೊಂಡು, ಈಗ ಕಾಗ್ನಿಯಾ ಎಂಬ ಹೆಸರಿನಲ್ಲಿವೆ. ಕಾಗ್ನಿಯಾದ ಪಟ್ಟಿಯಲ್ಲಿ ಶಾಲೆಯ ಹೆಸರು ಸಿಕ್ಕಿತು. ಮುದ್ರಿಸಿ, ದಿನಾಂಕ ಬರೆದು ಕೊಟ್ಟೆ.

ಇನ್ನು ‘ಪ್ರಾದೇಶಿಕ’ ಎಂಬ ಪದದ ಕಥೆ. ನಾನು ಮೊದಲು ವಹಿಯನ್ನು ಭೂಪಟದ ಪ್ರಕಾರ ವಿಂಗಡಿಸಿದ್ದೆ: ಟೆಕ್ಸಾಸ್ ಎಂದರೆ ಸದರ್ನ್, ಇಲಿನಾಯ್ ಎಂದರೆ ಷಿಕಾಗೋದ ಆಯೋಗ. ಆಗಲೂ ಭೂಪಟ ಪೂರ್ತಿ ನೆರವಾಗುತ್ತಿರಲಿಲ್ಲ. ನಮ್ಮ ಹುಡುಗರು ಸಾಲುಗಟ್ಟಿ ಹೋಗುವ ಅರಿಝೋನಾ ಸ್ಟೇಟ್ ವಿಶ್ವವಿದ್ಯಾಲಯ ಪಶ್ಚಿಮದ ಮರುಭೂಮಿಯಲ್ಲಿದ್ದರೂ ಅದು ಷಿಕಾಗೋದ ಆಯೋಗಕ್ಕೆ ಸೇರಿದ್ದು. 2020ರ ಜುಲೈಯಿಂದ ಜಾರಿಗೆ ಬಂದ ನಿಯಮದಲ್ಲಿ ಕೇಂದ್ರ ಶಿಕ್ಷಣ ಇಲಾಖೆಯು ಪ್ರಾದೇಶಿಕ-ರಾಷ್ಟ್ರೀಯ ಎಂಬ ಭೇದವನ್ನೇ ತೆಗೆದುಹಾಕಿತು, ಮತ್ತು ಯಾವ ಆಯೋಗವಾದರೂ ಯಾವ ರಾಜ್ಯದ ಕಾಲೇಜನ್ನಾದರೂ ಪರಿಶೀಲಿಸಬಹುದು ಎಂದಾಯಿತು. 2022ರಲ್ಲಿ ಫ್ಲೋರಿಡಾ ತನ್ನ ಸಾರ್ವಜನಿಕ ಕಾಲೇಜುಗಳು ಮಾನ್ಯತಾ ಸಂಸ್ಥೆಯನ್ನು ಬದಲಿಸಬೇಕೆಂದು ಕಾನೂನನ್ನೇ ಮಾಡಿತು. ಹೀಗಿದ್ದರೂ ನೌಕರಿಯ ಜಾಹೀರಾತುಗಳಲ್ಲಿ, ಕ್ರೆಡಿಟ್ ವರ್ಗಾವಣೆಯ ನಿಯಮಗಳಲ್ಲಿ ಹಳೆಯ ಪದ ಇನ್ನೂ ಉಳಿದುಕೊಂಡಿದೆ. ಹಾಗಾಗಿ ಈಗ ವಹಿಯ ಪ್ರತಿ ಪುಟದಲ್ಲಿ ಆಯೋಗದ ಹೆಸರಿನ ಕೆಳಗೆ ‘ಹಿಂದೆ ಪ್ರಾದೇಶಿಕ ಎಂದು ಕರೆಯಲಾಗುತ್ತಿತ್ತು’ ಎಂದು ಸಣ್ಣಕ್ಷರದಲ್ಲಿ ಬರೆಯುತ್ತೇನೆ.

ಸ್ಥಿತಿ ಬದಲಾದಾಗ ಹಳೆಯ ಸಾಲನ್ನು ಅಳಿಸುವುದಿಲ್ಲ. ಓದಲು ಬರುವಂತೆ ಒಂದು ಗೆರೆ ಎಳೆದು, ಕೆಳಗೆ ಹೊಸ ಸಾಲನ್ನೂ ದಿನಾಂಕವನ್ನೂ ಬರೆಯುತ್ತೇನೆ. ‘ಅರ್ಹತೆ ಪಡೆದ ಸಂಸ್ಥೆ’ ಎಂಬ ಆ ಸಾಲೂ ಹಾಗೆಯೇ, ಗೆರೆಯ ಕೆಳಗೆ, ಮೊದಲ ವಹಿಯ ಹದಿನಾಲ್ಕನೆಯ ಪುಟದಲ್ಲಿದೆ.