ದೇವರ ಮನೆಯಲ್ಲಿ ಅವರಿಗೂ ಒಂದು ಕೆಲಸ: ಬೌದ್ಧಿಕ ಅಸಾಮರ್ಥ್ಯ ಇರುವವರನ್ನು ಪೂಜೆ, ಹಬ್ಬಕ್ಕೆ ಸೇರಿಸಿಕೊಳ್ಳುವುದು ಹೇಗೆ?

ಊರಹಬ್ಬದ ದಿನ ತಂಬಿಟ್ಟಿನ ಆರತಿ ಹೊರಡುವ ಹೊತ್ತಿಗೆ, ಬೌದ್ಧಿಕ ಅಸಾಮರ್ಥ್ಯ, ಆಟಿಸಂ (ಬೆರೆಯುವ, ಸದ್ದು ಬೆಳಕು ಗ್ರಹಿಸುವ ಬಗೆ ಬೇರೆಯಾಗಿರುವುದು) ಅಥವಾ ಸೆರೆಬ್ರಲ್ ಪಾಲ್ಸಿ (ಮೆದುಳಿನ ಹಾನಿಯಿಂದ ಸ್ನಾಯುಗಳ ಹಿಡಿತ ತಪ್ಪುವುದು) ಇರುವವರ ಪಾಡು ಸಾಮಾನ್ಯವಾಗಿ ಎರಡೇ ಬಗೆ. ಗಲಾಟೆ ಮಾಡುತ್ತಾರೆಂದು ಮನೆಯಲ್ಲೇ ಬಿಟ್ಟು ಹೋಗುತ್ತಾರೆ, ಇಲ್ಲವೇ ದೇವರ ದೃಷ್ಟಿ ಬೀಳಲೆಂದು ಗುಂಪಿನ ನಡುವೆ ಎಳೆದುಕೊಂಡು ಹೋಗಿ ಮುಂದೆ ನಿಲ್ಲಿಸುತ್ತಾರೆ. ಎರಡರಲ್ಲೂ ಅವರನ್ನು ಕೇಳಿದವರಿಲ್ಲ. ಪೂಜೆ ಅವರದೂ ಆಗಬೇಕಾದರೆ ಮೊದಲು ಕೇಳಬೇಕು. ಮಾತು ಬಾರದವರನ್ನೂ ಕೇಳಬಹುದು.

ಅವರ ಎದುರು ಕೂತು, ಒಂದು ಕೈಯಲ್ಲಿ ಸೇವಂತಿಗೆ, ಇನ್ನೊಂದರಲ್ಲಿ ಗಂಟೆ ಹಿಡಿಯಿರಿ. "ಹೂವಾ, ಗಂಟೆಯಾ?" ಎಂದು ಒಂದೇ ಸಲ ಕೇಳಿ, ಮನಸ್ಸಿನಲ್ಲೇ ಹತ್ತು ಎಣಿಸಿ. ಕೇಳಿದ್ದನ್ನು ಗ್ರಹಿಸಿ ಉತ್ತರಿಸಲು ಅನೇಕರಿಗೆ ಅಷ್ಟು ಹೊತ್ತು ಬೇಕು. ನಡುವೆ ಅವಸರಪಡಿಸಿದರೆ ಕಟ್ಟಿಕೊಂಡ ಉತ್ತರ ಚೆದುರುತ್ತದೆ. ನೋಟ ಹರಿದದ್ದು, ಕೈ ಚಾಚಿದ್ದು ಒಪ್ಪಿಗೆ. ಮುಖ ತಿರುಗಿಸಿದರೆ, ಕಿವಿ ಮುಚ್ಚಿಕೊಂಡರೆ, ತಟ್ಟೆ ತಳ್ಳಿದರೆ ಬೇಡ ಎಂದರ್ಥ. ಅದನ್ನು ಮೊಂಡುತನವೆಂದು ಗದರಬೇಡಿ. ಆ ದಿನ ಬಿಟ್ಟು ನಾಳೆ ಮತ್ತೆ ಕೇಳಿ. ಮೂವತ್ತು ದಾಟಿದವರನ್ನು ಪಾಪು, ಚಿನ್ನು ಎಂದು ಕರೆಯದೆ ಹೆಸರು ಹಿಡಿದೋ ಅಣ್ಣ, ಅಕ್ಕ ಎಂದೋ ಕರೆಯಿರಿ. ಕುಂಕುಮ, ವಿಭೂತಿಯನ್ನು ಹೇಳದೆ ಕೇಳದೆ ಹಣೆಗೆ ಒತ್ತಬೇಡಿ. ಕನ್ನಡಿ ಹಿಡಿದರೆ ಎಷ್ಟೋ ಜನ ತಾವೇ ಇಟ್ಟುಕೊಳ್ಳುತ್ತಾರೆ.

ಕೆಲಸ ಕಲಿಸುವಾಗ ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ಬನ್ನಿ. ದೀಪ ಒರೆಸುವುದು, ಬತ್ತಿ ಹಾಕುವುದು, ಎಣ್ಣೆ ಬಿಡುವುದು, ಹಚ್ಚುವುದು, ಹೂವಿಡುವುದು: ಇವು ಐದು ಹೆಜ್ಜೆ ಎನ್ನೋಣ. ಮೊದಲ ನಾಲ್ಕನ್ನು ನೀವೇ ಮಾಡಿ, ಹೂವಿಡುವುದನ್ನು ಮಾತ್ರ ಅವರಿಗೆ ಬಿಡಿ. ಪೂಜೆ ಪೂರ್ತಿಯಾಗುವುದು ಅವರ ಕೈಯಲ್ಲಿ. ಆ ತೃಪ್ತಿಯೇ ನಾಳೆಯೂ ಅವರನ್ನು ಕರೆತರುತ್ತದೆ. ಸಹಾಯವಿಲ್ಲದೆ ನಾಲ್ಕೈದು ದಿನ ಸಲೀಸಾಗಿ ಮಾಡಿದ ಮೇಲೆ ಅದರ ಹಿಂದಿನದನ್ನು ಸೇರಿಸಿ. ಬೆಂಕಿಯ ಅಂದಾಜು ಇಲ್ಲದವರಿದ್ದರೆ ಹಚ್ಚುವ ಹೆಜ್ಜೆ ನಿಮ್ಮ ಬಳಿಯೇ ಇರಲಿ, ಎಣ್ಣೆ ಬಿಡುವುದಕ್ಕೆ ಹೋಗಿ. ಕೈ ಹಿಡಿದು ಮಾಡಿಸಬೇಕಾದರೆ ನಿಮ್ಮ ಕೈ ಅವರ ಕೈಯ ಕೆಳಗಿರಲಿ. ಮೇಲಿನಿಂದ ಅದುಮಿದರೆ ಬೆದರಿ ಕೊಸರುತ್ತಾರೆ. ಕೆಳಗಿದ್ದರೆ ಬೇಡವೆನಿಸಿದಾಗ ಕೈ ತೆಗೆಯುವ ಸ್ವಾತಂತ್ರ್ಯ ಅವರಿಗಿರುತ್ತದೆ.

ತೀರ್ಥ, ಪ್ರಸಾದದ ವಿಷಯದಲ್ಲಿ ತುಂಬ ಎಚ್ಚರ ಬೇಕು. ಸೆರೆಬ್ರಲ್ ಪಾಲ್ಸಿ ಇರುವ ಹಲವರಿಗೆ ನುಂಗುವ ಸ್ನಾಯುಗಳ ಹಿಡಿತ ಕಡಿಮೆ. ನೀರು ಬೇಗ ಜಾರುವುದರಿಂದ ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುವ ಮೊದಲೇ ಅದರೊಳಗೆ ಇಳಿಯಬಹುದು. ಹಾಗೆ ಪದೇ ಪದೇ ಆದರೆ ನ್ಯುಮೋನಿಯಾ ಬರಬಹುದು. ಮಲಗಿದವರ, ತಲೆ ಹಿಂದಕ್ಕೆ ವಾಲಿದವರ ಬಾಯಿಗೆ ಉದ್ಧರಣೆಯಿಂದ ತೀರ್ಥ ಬಿಡಲೇಬೇಡಿ. ಬೆನ್ನು ನೆಟ್ಟಗೆ, ಗದ್ದ ತುಸು ಕೆಳಗೆ ಮಾಡಿ ಕೂರಿಸಿ. ನೀರು ಕುಡಿದಾಗಲೆಲ್ಲ ಕೆಮ್ಮುವವರಿಗೆ ತುಟಿಗೆ ಒಂದು ಹನಿ ಸವರಿದರೂ ತೀರ್ಥವೇ. ಕೊಬ್ಬರಿ ಚೂರು, ಕಡ್ಲೆಪುರಿ, ಗಟ್ಟಿ ತಂಬಿಟ್ಟು ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಕಿವುಚಿದ ಬಾಳೆಹಣ್ಣು, ಮಂದವಾದ ಹೆಸರುಬೇಳೆ ಪಾಯಸವನ್ನು ಅರ್ಧ ಚಮಚದಂತೆ ಕೊಡಿ. ಹಿಂದಿನ ತುತ್ತು ಇಳಿದದ್ದು ನೋಡಿ ಮುಂದಿನದು. ಮುದ್ದೆಯನ್ನೂ ಇಡೀ ತುತ್ತು ನುಂಗಿಸದೆ ಸಾರಿನಲ್ಲಿ ಕಿವುಚಿ ಕೊಡಿ. ಕೆಮ್ಮು, ತಿಂದ ಮೇಲೆ ದನಿ ಗೊರಗೊರ ಅನ್ನುವುದು ಮುಂದುವರಿದರೆ ವೈದ್ಯರಿಗೆ ತೋರಿಸಿ.

ಗುಡಿಗೆ ಮೊದಲ ಭೇಟಿ ಜಾತ್ರೆಯ ದಿನ ಬೇಡ. ನಂದಿಯ ಭೋಗನಂದೀಶ್ವರ ಗುಡಿಯಂಥ ವಿಶಾಲ ಪ್ರಾಂಗಣವಿರುವ ಕಡೆಗೆ, ಜನ ಹೆಚ್ಚಿರುವ ಸೋಮವಾರ ಬಿಟ್ಟು ಬೇರೆ ದಿನ ಬೆಳಗ್ಗೆ ಹೋಗಿ. ಗೊರವನಹಳ್ಳಿಯ ಲಕ್ಷ್ಮಿ ಗುಡಿಗಾದರೆ ಶುಕ್ರವಾರ ಬಿಟ್ಟುಬಿಡಿ. ಹಿಂದಿನ ದಿನವೇ ಬಸ್ಸು, ಗೋಪುರ, ಗಂಟೆ, ಪ್ರಸಾದ, ಮನೆ ಎಂದು ಮೊಬೈಲ್‌ನಲ್ಲಿ ಐದು ಚಿತ್ರ ಕ್ರಮವಾಗಿ ತೋರಿಸಿ. ಮುಂದೇನು ಎಂದು ತಿಳಿದಿದ್ದರೆ ಗಾಬರಿ ಅರ್ಧ ಇಳಿಯುತ್ತದೆ. ಹದಿನೈದು ನಿಮಿಷ ಸಾಕು, ಖುಷಿಯಾಗಿರುವಾಗಲೇ ಹೊರಡಿ. ಮಂಗಳಾರತಿಯ ನಗಾರಿ, ತಮಟೆ, ಕರ್ಪೂರದ ಹೊಗೆ ಆಟಿಸಂ ಇರುವ ಕೆಲವರಿಗೆ ನಿಜವಾಗಿ ನೋವುಂಟುಮಾಡುತ್ತವೆ. ಅಂಥವರ ಕಿವಿಗೆ ಹತ್ತಿ ಅಥವಾ ಹೆಡ್‌ಫೋನ್ ಇರಲಿ, ಮಂಗಳಾರತಿ ಮುಗಿಯುವವರೆಗೆ ಹೊರಗೆ ನಿಲ್ಲಲಿ. ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇಟ್ಟಿರಿ.

ಹರಕೆ ಹೊತ್ತವರು ನೀವು. ಮುಡಿ ಕೊಡಬೇಕಾದವರು ಅವರು. ಒದ್ದೆ ತಲೆಗೆ ಕತ್ತಿ ತಾಗಿದರೆ ಕಿರುಚುವವರನ್ನು ನಾಲ್ಕು ಜನ ಹಿಡಿದು ಬೋಳಿಸುವುದು ಸೇವೆಯಲ್ಲ. ಹೆಂಗಸರು ಕೊಡುವಂತೆ ಮೂರು ಕತ್ತರಿ ಕೂದಲು ಕೊಟ್ಟರೆ ಆಯಿತು.

ಫಿಟ್ಸ್ ಇರುವವರಿಗೆ ಉಪವಾಸ, ಜಾಗರಣೆ ಎರಡೂ ಬೇಡ. ನಿದ್ದೆಗೆಟ್ಟರೆ ಫಿಟ್ಸ್ ಬರಬಹುದು, ಮಾತ್ರೆ ತಪ್ಪಿದರೆ ನಿಲ್ಲದೆ ಬರುವ ಅಪಾಯವಿದೆ. ಸಿದ್ಧಗಂಗೆಯ ಶಿವರಾತ್ರಿ ಜಾತ್ರೆಗೆ ಹೊರಟರೂ ಮಾತ್ರೆಯೂ ವೈದ್ಯರ ಚೀಟಿಯೂ ಚೀಲದಲ್ಲಿರಲಿ, ರಾತ್ರಿ ಹೊತ್ತಿಗೆ ಸರಿಯಾಗಿ ಮಲಗಿಸಿ. ಫಿಟ್ಸ್ ಬಂದರೆ ಪಕ್ಕಕ್ಕೆ ಹೊರಳಿಸಿ, ತಲೆಯ ಕೆಳಗೆ ಮಡಿಸಿದ ಟವೆಲ್ ಇಡಿ. ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು, ನೀರು ಬಿಡುವುದು ಬೇಡ. ಗಡಿಯಾರ ನೋಡಿ; ಐದು ನಿಮಿಷ ದಾಟಿದರೆ ಅಥವಾ ಎಚ್ಚರವಾಗುವ ಮೊದಲೇ ಮತ್ತೆ ಬಂದರೆ 108ಕ್ಕೆ ಕರೆ ಮಾಡಿ.

"ಹೋದ ಜನ್ಮದ ಕರ್ಮ" ಎಂಬ ಮಾತನ್ನು ಅವರೆದುರು ಆಡಲೇಬೇಡಿ. ಮಾತಾಡದವರಿಗೂ ಕೇಳಿಸುತ್ತದೆ, ದನಿಯಲ್ಲಿನ ತಿರಸ್ಕಾರ ಅರ್ಥವಾಗುತ್ತದೆ. ಗಾಳಿ ಬಿಡಿಸಲೆಂದು ಬರೆ ಹಾಕುವುದು ಹಿಂಸೆ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 92ನೇ ಸೆಕ್ಷನ್ ಪ್ರಕಾರ ಅವಮಾನಿಸುವ ಉದ್ದೇಶದ ಹಲ್ಲೆಗೂ, ನೋಡಿಕೊಳ್ಳುವವರೇ ಬೇಕೆಂದು ಅನ್ನ ನೀರು ಕೊಡದಿರುವುದಕ್ಕೂ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ದಂಡವಿದೆ. ಇಂಥದ್ದು ಕಂಡರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೆ ಅಥವಾ ಪೊಲೀಸರಿಗೆ ತಿಳಿಸಿ. ಹದಿನೆಂಟರೊಳಗಿನವರಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.