ದ್ರಾಕ್ಷಿ ಪಡದ ಸೆನ್ಸರ್‌ಗಳು ಹತ್ತೇ ದಿನಕ್ಕೆ ಮಲಗಿದವು

ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ನಮ್ಮ ಕಾಕಾನ ದ್ರಾಕ್ಷಿ ಪಡದಲ್ಲಿ ಮಣ್ಣಿನ ತೇವ ಅಳೆಯಲು ಎಂಟು ನೋಡ್ (ಅಳೆದು ಸುದ್ದಿ ಕಳಿಸುವ ಡಬ್ಬಿ) ಹಾಕಿದ್ದೆ. ಒಂದೊಂದರಲ್ಲೂ ಇಎಸ್‌ಪಿ32 ಎಂಬ ರೇಡಿಯೊ ಇರುವ ಚಿಪ್ಪಿನ ಬೋರ್ಡು, 2500 ಎಂಎಎಚ್ (ಮಿಲಿಆಂಪಿಯರ್-ತಾಸು) ಲಿಥಿಯಂ ಸೆಲ್ಲು. ತೇವ ಅಳೆದು, ಪಂಪ್‌ಹೌಸಿಗೆ ಕಳಿಸಿ, ಡೀಪ್ ಸ್ಲೀಪ್‌ಗೆ, ಅಂದರೆ ಗಾಢ ನಿದ್ದೆಗೆ ಹೋಗುವಂತೆ ಪ್ರೋಗ್ರಾಂ ಬರೆದಿದ್ದೆ. ನಿದ್ದೆಯಲ್ಲಿ ಚಿಪ್ಪು ಎಳೆಯುವುದು ಸುಮಾರು 10 ಮೈಕ್ರೊಆಂಪಿಯರ್. ವರ್ಷ ಬಾಳುತ್ತದೆ ಎಂದುಕೊಂಡಿದ್ದೆ. ಹತ್ತನೇ ದಿನ ಕಾಕಾನ ಫೋನ್: "ತಮ್ಮಾ, ನಿನ್ನ ಡಬ್ಬಿ ಒಂದೂ ಮಾತಾಡವಲ್ಲವು ನೋಡು."

ಮಲ್ಟಿಮೀಟರ್ ಹಚ್ಚಿ ನೋಡಿದರೆ ನಿದ್ದೆಯಲ್ಲೇ 11 ಮಿಲಿಆಂಪಿಯರ್, ಎಣಿಸಿದ್ದರ ಸಾವಿರ ಪಟ್ಟಿಗೂ ಹೆಚ್ಚು. ಚಿಪ್ಪು ಮಲಗಿತ್ತು, ಬೋರ್ಡು ಮಲಗಿರಲಿಲ್ಲ. ಕೆಂಪು ದೀಪ, ವೋಲ್ಟೇಜ್ ರೆಗ್ಯುಲೇಟರ್, ತೇವದ ಸೆನ್ಸರ್ ಮೂರೂ ಹಗಲುರಾತ್ರಿ ಕರೆಂಟು ಕುಡಿಯುತ್ತಿದ್ದವು. ಬೋರ್ಡು ಬಿಟ್ಟು ಚಿಪ್ಪಿರುವ ಬರೀ ಮಾಡ್ಯೂಲ್ ಬಳಸಿದೆ, ತಾನು ಕಡಿಮೆ ಕರೆಂಟು ಕುಡಿಯುವ ಎಂಸಿಪಿ1700 ರೆಗ್ಯುಲೇಟರ್ ಹಾಕಿದೆ, ಅಳೆಯುವಾಗ ಮಾತ್ರ ಸೆನ್ಸರ್‌ಗೆ ಕರೆಂಟು ಬಿಡಲು ಸ್ವಿಚ್ಚಿನಂತೆ ಒಂದು ಮಾಸ್‌ಫೆಟ್ ಇಟ್ಟೆ. ನಮ್ಮ ಎರಿಮಣ್ಣು ನಿಮಿಷಕ್ಕೊಮ್ಮೆ ಒಣಗುವುದಿಲ್ಲ, ಅರ್ಧ ತಾಸಿಗೊಮ್ಮೆ ಅಳೆದರೆ ಧಾರಾಳವಾಯಿತು.

ನಿಜವಾದ ಕಷ್ಟ ಶುರುವಾದದ್ದು ಪಡದ ಆಚೆ ತುದಿಗೆ ಇನ್ನೂ ಮೂರು ನೋಡ್ ಹಾಕಿದಾಗ. ಅವುಗಳ ಸಂದೇಶ ಪಂಪ್‌ಹೌಸಿಗೆ ಮುಟ್ಟಲಿಲ್ಲ. ನಡುವಿನ ಒಂದು ನೋಡ್ ಅವನ್ನು ಹೊತ್ತು ದಾಟಿಸಬೇಕಾಯಿತು. ಸಂದೇಶ ಬರಲಿ ಬಿಡಲಿ, ಕಿವಿ ತೆರೆದು ಕೂತ ರೇಡಿಯೊ 100 ಮಿಲಿಆಂಪಿಯರ್ ಹತ್ತಿರ ಎಳೆಯುತ್ತದೆ. ಆ ನೋಡ್‌ನ ಸೆಲ್ಲು ಒಂದೇ ದಿನಕ್ಕೆ ಖಾಲಿಯಾಯಿತು.

ಆ ನೋಡ್ ಸದಾ ಕಿವಿ ತೆರೆದಿರುವುದು ಬೇಡವೆಂದು, ಎಲ್ಲವೂ ಒಂದೇ ಹೊತ್ತಿಗೆ ಏಳುವಂತೆ ಮಾಡಿದೆ. ಆದರೆ ಏಪ್ರಿಲ್ ಚಾಟ್ನಿ (ಬಳ್ಳಿ ಸವರುವುದು) ಆಗಿ ಎಲೆ ಇಲ್ಲದ ಪಡದಲ್ಲಿ ಡಬ್ಬಿಗಳು ಕಾದು, ಚಿಪ್ಪಿನೊಳಗಿನ ಗಡಿಯಾರ ಅರ್ಧ ತಾಸಿಗೆ ಹತ್ತು ಸೆಕೆಂಡಿನಷ್ಟು ತಪ್ಪುತ್ತಿತ್ತು. ಹಿಂದೆಮುಂದೆ ಸೇರಿಸಿ 20 ಸೆಕೆಂಡ್ ರೇಡಿಯೊ ತೆರೆದು ಕಾಯಬೇಕು. ದಿನಕ್ಕೆ 48 ಸಲ ಹಾಗೆ ಕಾದರೆ 27 ಎಂಎಎಚ್ ಖರ್ಚು. ಬಿಸಿಲಿಗೆ ತಕ್ಕಂತೆ ತಾನೇ ಸರಿಪಡಿಸಿಕೊಳ್ಳುವ ಡಿಎಸ್3231 ಗಡಿಯಾರ ಹಾಕಿ, ಪ್ರತಿ ಉತ್ತರದ ಜೊತೆ ಪಂಪ್‌ಹೌಸಿನಿಂದ ಸಮಯವನ್ನೂ ಕಳಿಸಿದೆ. ಕಾಯುವ ಹೊತ್ತು ಒಂದು ಸೆಕೆಂಡಿಗಿಳಿಯಿತು, ಖರ್ಚು 1.3 ಎಂಎಎಚ್‌ಗೆ. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಅಂಕಿ ಇದು.

ಹೊರುವ ಕೆಲಸವನ್ನು ಒಂದಕ್ಕೇ ಕಟ್ಟದೆ, ನಡುವಿನ ಮೂರು ನೋಡ್‌ಗಳಿಗೆ ದಿನಕ್ಕೊಂದರಂತೆ ಪಾಳಿ ಹಚ್ಚಿದೆ. ಸೆನ್ಸರ್ ಜಾಲಗಳಿಗೆಂದು 2000ನೇ ಇಸವಿಯಲ್ಲಿ ಬಂದ ಲೀಚ್ (LEACH) ಎಂಬ ಪ್ರೋಟೋಕಾಲ್‌ನ ಮೂಲ ವಿಚಾರವೂ ಈ ಪಾಳಿಯೇ.

ಅಕ್ಟೋಬರ್ ಚಾಟ್ನಿ ನಂತರ ಎಲೆ ದಟ್ಟವಾದಾಗ ಮಾತ್ರ ಈ ನೋಡ್‌ಗಳ 2.4 ಗಿಗಾಹರ್ಟ್ಸ್ ರೇಡಿಯೊ ಸಿಗ್ನಲ್‌ಗೆ ತಡೆಯಾಗುತ್ತದೆ, ಮತ್ತೆ ಮತ್ತೆ ಕಳಿಸಬೇಕಾಗುತ್ತದೆ. ಅದಕ್ಕೆ ಆಚೆ ತುದಿಯ ಮೂರನ್ನು 865 ಮೆಗಾಹರ್ಟ್ಸ್‌ನ, ದೂರ ಮುಟ್ಟುವ ಲೋರಾ ರೇಡಿಯೊಗೆ ಬದಲಿಸುತ್ತಿದ್ದೇನೆ.