72 ಮೆಗಾಹರ್ಟ್ಸ್ ಸಿಪಿಯುಗೂ 115200 ಬಾಡ್ ಸೀರಿಯಲ್‌ಗೂ ನಡುವೆ ಡಿಎಂಎ

ಎಸ್‌ಟಿಎಂ32ಎಫ್103 ಮೈಕ್ರೋಕಂಟ್ರೋಲರಿನಲ್ಲಿ ಸಿಪಿಯು, ಎಎಚ್‌ಬಿ ಎಂಬ ಮುಖ್ಯ ಬಸ್ (ಚಿಪ್‌ನೊಳಗಿನ ದತ್ತಾಂಶದ ಹಾದಿ) ಎರಡೂ 72 ಮೆಗಾಹರ್ಟ್ಸ್‌ವರೆಗೆ ಓಡುತ್ತವೆ. ಸೀರಿಯಲ್ ಘಟಕ ಯುಎಸ್‌ಎಆರ್‌ಟಿ2 ಇರುವ, ನಿಧಾನದ ಎಪಿಬಿ1 ಬಸ್ಸಿನ ಮಿತಿ 36. ಸೆಕೆಂಡಿಗೆ 115200 ಬಿಟ್ (ಬಾಡ್) ಸಾಗಿಸುವ ಸೀರಿಯಲ್ ತಂತಿಯಂತೂ ಆಮೆ: ಸ್ಟಾರ್ಟ್, ಸ್ಟಾಪ್ ಸೇರಿ ಬೈಟಿಗೆ 10 ಬಿಟ್, ಸುಮಾರು 87 ಮೈಕ್ರೋಸೆಕೆಂಡ್. ಸಿಪಿಯು ಲೆಕ್ಕದಲ್ಲಿ ಅದು 6250 ಸೈಕಲ್. ಕಾಯುತ್ತ ಕೂತರೆ ಅಷ್ಟೂ ದಂಡ. ಬೇರೆ ಕೆಲಸಕ್ಕೆ ಹೋಗಿ ತಡವಾದರೆ ಓವರ್‌ರನ್ ಆಗಿ (ಹಳೆಯದನ್ನು ಓದುವ ಮುನ್ನ ಹೊಸದು ಬಂದು) ಬೈಟ್ ಕಳೆಯುತ್ತದೆ. ಇದಕ್ಕೆ ಪರಿಹಾರ ಡಿಎಂಎ: ಸಿಪಿಯು ನೆರವಿಲ್ಲದೆ ಬೈಟುಗಳನ್ನು ತಾನೇ ಮೆಮೊರಿಗೆ ಸಾಗಿಸುವ ಘಟಕ.

ಮೊದಲು ಎಪಿಬಿ1 ಪ್ರಿಸ್ಕೇಲರ್ (ಕ್ಲಾಕ್ ಭಾಜಕ) 2 ಮಾಡಿ. ಪೋರ್ಟ್ ಎ, ಯುಎಸ್‌ಎಆರ್‌ಟಿ2, ಡಿಎಂಎ1 ಕ್ಲಾಕ್ ಆನ್ ಮಾಡಿದ ಮೇಲೆ ಅದಕ್ಕಾಗಿ ಬರೆದ ರಿಜಿಸ್ಟರುಗಳನ್ನೇ (ಚಿಪ್‌ನ ನಿಯಂತ್ರಣ ಕೋಶಗಳನ್ನು) ಒಮ್ಮೆ ಓದಿ; ಕ್ಲಾಕ್ ತಲುಪುವ ಮುನ್ನ ಬರೆದದ್ದು ನಿಲ್ಲುವುದಿಲ್ಲ. ಬಾಡ್ ದರದ ರಿಜಿಸ್ಟರ್ ಬಿಆರ್‌ಆರ್‌ಗೆ 313 ಬರೆಯಿರಿ. 36 ಮೆಗಾಹರ್ಟ್ಸನ್ನು 115200ರಿಂದ ಭಾಗಿಸಿದರೆ ನಿಜವಾದ ಭಾಗಲಬ್ಧ 312.5, ತಪ್ಪು ಶೇ. 0.16, ಚಿಂತೆಯಿಲ್ಲ.

ಯುಎಸ್‌ಎಆರ್‌ಟಿ2 ರಿಸೀವ್‌ಗೆ ಡಿಎಂಎ1ರ 6ನೇ ಚಾನೆಲ್. ಅದನ್ನು ಸರ್ಕ್ಯುಲರ್ ಮೋಡ್‌ಗೆ (ಬಫರ್, ಅಂದರೆ ಬೈಟುಗಳಿಗಿಟ್ಟ ಜಾಗ, ತುಂಬಿದರೆ ಮತ್ತೆ ಮೊದಲಿಂದ) ಹಾಕಿ, ಮೆಮೊರಿ ವಿಳಾಸ ಮಾತ್ರ ಏರುವಂತಿರಲಿ, ಎರಡೂ ಕಡೆ 8 ಬಿಟ್. ಅರ್ಧ, ಪೂರ್ತಿ ತುಂಬಿದಾಗ ಸಿಪಿಯುವನ್ನು ಕರೆಯುವ ಇಂಟರಪ್ಟ್ ಬರಲಿ; ಚಿಕ್ಕ ಸಂದೇಶಗಳಿಗಾಗಿ ತಂತಿ ಸುಮ್ಮನಾದಾಗ ಬರುವ ಐಡಲ್ ಇಂಟರಪ್ಟ್ ಕೂಡ. ರಿಸೀವರ್ ಬಿಟ್ ಆನ್ ಮಾಡುವುದು ಎಲ್ಲಕ್ಕೂ ಕೊನೆಗೆ.

ಮೂರೂ ಇಂಟರಪ್ಟ್‌ಗಳು ಒಂದೇ ಫಂಕ್ಷನ್ ಕರೆಯಲಿ, ಆದ್ಯತೆಯೂ ಒಂದೇ ಇರಲಿ. ಇಲ್ಲದಿದ್ದರೆ ಒಂದರ ನಡುವೆ ಇನ್ನೊಂದು ನುಗ್ಗಿ ಅದೇ ಬೈಟನ್ನು ಎರಡು ಸಲ ಓದುತ್ತದೆ. ಬರೆದ ಜಾಗ ತಿಳಿಯಲು ಬಫರ್ ಗಾತ್ರದಿಂದ ಉಳಿದ ಎಣಿಕೆ ತೋರುವ ಡಿಎಂಎ ರಿಜಿಸ್ಟರ್ ಸಿಎನ್‌ಡಿಟಿಆರ್ ಕಳೆಯಿರಿ. ಹಿಂದೆ ಓದಿದಲ್ಲಿಂದ ಅಲ್ಲಿಯವರೆಗೆ ಎತ್ತಿಕೊಳ್ಳಿ. ಐಡಲ್ ಫ್ಲ್ಯಾಗ್ (ಗುರುತಿನ ಬಿಟ್) ಇಳಿಯಲು ಯುಎಸ್‌ಎಆರ್‌ಟಿ2ರ ಸ್ಥಿತಿಯ ರಿಜಿಸ್ಟರ್ ಎಸ್‌ಆರ್, ಆಮೇಲೆ ದತ್ತಾಂಶದ ರಿಜಿಸ್ಟರ್ ಡಿಆರ್ ಓದಬೇಕು.

ಬಫರ್ ಎಷ್ಟು? 256 ಬೈಟ್ ಇಟ್ಟರೆ ಅರ್ಧ ತುಂಬಿದ ಮೇಲೆ ಸಿಗುವುದು 11 ಮಿಲಿಸೆಕೆಂಡ್. ಸಾಮಾನ್ಯಕ್ಕೆ ಧಾರಾಳ. ಆದರೆ ಓಡುತ್ತಿರುವಾಗಲೇ ಫ್ಲ್ಯಾಶ್ ಪೇಜ್ ಅಳಿಸಿದರೆ 20ರಿಂದ 40 ಮಿಲಿಸೆಕೆಂಡ್ ಸಿಪಿಯು ನಿಂತೇ ಹೋಗುತ್ತದೆ, ಡಿಎಂಎ ಮಾತ್ರ ತುಂಬುತ್ತಲೇ ಇರುತ್ತದೆ. ಅಂಥಲ್ಲಿ 1024 ಇಡಿ: ಅರ್ಧಕ್ಕೆ 44 ಮಿಲಿಸೆಕೆಂಡ್, ಅಂಚಿನಲ್ಲಿ ಪಾರು.

ಎಎಚ್‌ಬಿ, ಎಪಿಬಿ1 ನಡುವಿನ ಬಸ್ ಸೇತುವೆಯ ಇನ್ನೊಂದು ಕಾಟ ಟೈಮರ್‌ಗಳಲ್ಲಿ ಸಿಗುತ್ತದೆ. ಟೈಮರ್ 2ರ ಫ್ಲ್ಯಾಗನ್ನು ಇಂಟರಪ್ಟ್ ಫಂಕ್ಷನ್ನಿನ ಕೊನೆಯ ಸಾಲಿನಲ್ಲಿ ಅಳಿಸಿದರೆ, ಆ ಬರಹ ಎಪಿಬಿ1 ತಲುಪುವ ಮೊದಲೇ ಸಿಪಿಯು ಹೊರಬಿದ್ದು, ಅದೇ ಇಂಟರಪ್ಟಿಗೆ ಮತ್ತೆ ಸಿಕ್ಕಿಬೀಳುತ್ತದೆ. ಮೊದಲ ಸಾಲಿನಲ್ಲೇ ಅಳಿಸಿ, ಇಲ್ಲವೇ ಅಳಿಸಿದ ಮೇಲೆ ಆ ರಿಜಿಸ್ಟರನ್ನು ಒಮ್ಮೆ ಓದಿ ಹೊರಡಿ.